ಹಿಂದಿರುಗಿ ಬರುವ ದಾನ: ಜಮಶೇಟಜಿ ಟಾಟಾ ಅವರ ವಿದ್ಯಾನಿಧಿ

ಪರೀಕ್ಷೆಗಳ ಫಲಿತಾಂಶವು ಪ್ರಕಟವಾಗುವ ದಿನಗಳಲ್ಲಿ ನಮ್ಮ ಪಟ್ಟಣಗಳ ಎಷ್ಟೋ ಮನೆಗಳಲ್ಲಿ ಸಂತೋಷದ ಬೆನ್ನಿಗೇ ಒಂದು ಚಿಂತೆಯೂ ಬಂದು ನೆಲಸುತ್ತದೆ. ಮಗನು ಬಿ.ಕಾಂ. ಪರೀಕ್ಷೆಯಲ್ಲಿ ಮೊದಲ ವರ್ಗದಲ್ಲಿ ತೇರ್ಗಡೆ ಹೊಂದಿರುತ್ತಾನೆ. ಮಗಳು ವ್ಯವಹಾರಾಡಳಿತದ ಪದವಿಗಾಗಿ ದೂರದ ಊರಿಗೋ ಹೊರದೇಶಕ್ಕೋ ಹೋಗಬೇಕೆಂದು ಹವಣಿಸುತ್ತಿರುತ್ತಾಳೆ. ಹಣವೆಲ್ಲಿಂದ? ವೈದ್ಯನಾಗುವವನಿಗೆ, ಇಂಜಿನಿಯರನಾಗುವವನಿಗೆ ನೆರವು ಕೊಡುವುದು ಪುಣ್ಯವೆಂದು ದಾನಿಗಳು ಬಗೆಯುತ್ತಾರೆ. ವ್ಯಾಪಾರವನ್ನು ಕಲಿಯಹೊರಟವನಿಗೆ ಧರ್ಮದ ಹಣವೇತಕ್ಕೆ, ಅವನು ನಾಳೆ ತಾನೇ ಗಳಿಸಿಕೊಳ್ಳುವವನಲ್ಲವೆ ಎಂಬ ಆಕ್ಷೇಪಣೆಯನ್ನು ನಾವು ಅನೇಕ ಸಲ ಕೇಳಿದ್ದೇವೆ. ಈ ಆಕ್ಷೇಪಣೆಗೆ ಒಬ್ಬ ವ್ಯಾಪಾರಿಯೇ ೧೮೯೨ರಲ್ಲಿ ಕೃತಿರೂಪವಾದ ಉತ್ತರವನ್ನು ಕೊಟ್ಟುಹೋಗಿದ್ದಾರೆ. ನಾಳೆ ಗಳಿಸುವವನಾದರೆ ಇಂದು ಅವನಿಗೆ ಕೊಡಿರಿ, ನಾಳೆ ಅವನಿಂದ ಹಿಂದಕ್ಕೆ ಪಡೆದು ಮತ್ತೊಬ್ಬನಿಗೆ ಕೊಡಿರಿ ಎಂಬುದೇ ಆ ಉತ್ತರದ ತಿರುಳು. ಆ ಮಹನೀಯರ ಜೀವನವನ್ನು ಈ ದೃಷ್ಟಿಯಿಂದ ಇಂದು ನಮ್ಮ ವಾಚಕರ ಮುಂದಿಡಲು ಇಚ್ಛಿಸುತ್ತೇವೆ.

ಜಮಶೇಟಜಿ ನಸರವಾನಜಿ ಟಾಟಾ ಅವರು ೧೮೩೯ನೆಯ ಇಸವಿ ಮಾರ್ಚಿ ೩ರಂದು ಗುಜರಾತದ ನವಸಾರಿಯಲ್ಲಿ ಜನಿಸಿದರು. ಅವರದು ಪಾರಸಿಗಳ ಪುರೋಹಿತ ಮನೆತನ. ಅಗ್ನಿಯ ಸೇವೆಯನ್ನು ಬಿಟ್ಟು ವ್ಯಾಪಾರಕ್ಕೆ ಇಳಿದವರಲ್ಲಿ ಆ ವಂಶದಲ್ಲಿ ತಂದೆ ನಸರವಾನಜಿಯವರೇ ಮೊದಲಿಗರು. ಹದಿನಾಲ್ಕರ ಹರೆಯದಲ್ಲಿ ಮುಂಬಯಿಗೆ ಬಂದ ಬಾಲಕನು ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ ೧೮೫೮ರಲ್ಲಿ ವಿದ್ಯಾಭ್ಯಾಸವನ್ನು ಮುಗಿಸಿದನು. ಆಗ ಕಲಿಸಲ್ಪಡುತ್ತಿದ್ದುದು ಸಾಹಿತ್ಯ, ಇತಿಹಾಸ ಮೊದಲಾದ ವಿಷಯಗಳು. ವಾಣಿಜ್ಯದ ಪದವಿಯೆಂಬುದು ಈ ದೇಶದ ಯಾವ ವಿಶ್ವವಿದ್ಯಾಲಯದಲ್ಲಿಯೂ ಇರಲಿಲ್ಲ. ಮುಂಬಯಿಯಲ್ಲಿ ವಾಣಿಜ್ಯಕ್ಕೆಂದೇ ಸಿಡೆನ್‌ಹ್ಯಾಮ್ ಕಾಲೇಜು ಸ್ಥಾಪಿತವಾದುದು ೧೯೧೩ರಲ್ಲಿ, ಎಂದರೆ ಜಮಶೇಟಜಿಯವರು ಕಾಲವಶರಾಗಿ ಒಂಬತ್ತು ವರ್ಷಗಳಾದ ಮೇಲೆ. ಆದುದರಿಂದ ವ್ಯಾಪಾರವಿದ್ಯೆಯನ್ನು ಅವರು ಪೇಟೆಯಲ್ಲಿಯೇ ಕಲಿಯಬೇಕಾಯಿತು. ಅದಕ್ಕೆ ತೆತ್ತ ಶುಲ್ಕವೂ ಅಲ್ಪವಾದುದಲ್ಲ.

೧೮೫೯ರಲ್ಲಿ ಅವರು ತಂದೆಯ ವ್ಯಾಪಾರದ ಸಲುವಾಗಿ ಹಾಂಗ್‌ಕಾಂಗಿಗೆ ಹೋದರು. ಆ ಕಾಲದ ಚೀನೀ ವ್ಯಾಪಾರದಲ್ಲಿ ಅರಳೆಯೊಡನೆ ಅಫೀಮೂ ಇದ್ದಿತೆಂಬುದನ್ನು ನಾವು ಮರೆಮಾಚಲಾರೆವು. ಟಾಟಾ ಮನೆತನದ ವ್ಯಾಪಾರವೂ ಅದಕ್ಕೆ ಹೊರತಾಗಿರಲಿಲ್ಲ. ಅಷ್ಟರಲ್ಲಿ ಅಮೇರಿಕದ ಅಂತರ್ಯುದ್ಧವು ತೊಡಗಿ ಅಲ್ಲಿಯ ಹತ್ತಿಯು ಇಂಗ್ಲಂಡಕ್ಕೆ ಬರುವುದು ನಿಂತುಹೋಗಲು, ಮುಂಬಯಿಯ ಅರಳೆಗೆ ಚಿನ್ನದ ಬೆಲೆ ಬಂದಿತು. ಊರಿಗೆ ಊರೇ ಷೇರುಗಳ ಹುಚ್ಚಿಗೆ ಒಳಗಾಯಿತು. ಇಂಗ್ಲಂಡದಲ್ಲಿ ಹಿಂದೀ ವ್ಯಾಪಾರಿಗಳದೊಂದು ಬ್ಯಾಂಕನ್ನು ತೆರೆಯುವ ಉದ್ದೇಶದಿಂದ ಜಮಶೇಟಜಿಯವರು ವಿಲಾಯತಿಗೆ ತೆರಳಿದರು. ೧೮೬೫ರಲ್ಲಿ ಯುದ್ಧವು ನಿಂತಿತು. ಅರಳೆಯ ಬೆಲೆ ಬಿದ್ದಿತು. ಮುಂಬಯಿಯ ದೊಡ್ಡ ದೊಡ್ಡ ಕೋಠಿಗಳು ದಿವಾಳಿಯೆದ್ದವು. ಬ್ಯಾಂಕಿನ ಯೋಜನೆಯು ಗಾಳಿಗೆ ಹೋಗಿ, ಅವರ ಕೈಯಲ್ಲಿದ್ದ ಪತ್ರಗಳೆಲ್ಲ ರದ್ದಿಯ ಕಾಗದಗಳಾದವು.

ಪರದೇಶದಲ್ಲಿ, ಇಪ್ಪತ್ತಾರರ ಹರೆಯದಲ್ಲಿ, ಸಾಲಿಗರ ನಡುವೆ ನಿಂತ ತರುಣನು ಏನನ್ನೂ ಬಚ್ಚಿಡದೆ ತನ್ನ ಲೆಕ್ಕವನ್ನೆಲ್ಲ ಅವರ ಮುಂದಿಟ್ಟನು. ಸಾಲ ಕೊಟ್ಟವರು ಅವನ ಪ್ರಾಮಾಣಿಕತೆಗೆ ಮೆಚ್ಚಿ, ಆ ಲೆಕ್ಕಗಳನ್ನು ತೀರಿಸುವ ಕೆಲಸವನ್ನು ಅವನಿಗೇ ಒಪ್ಪಿಸಿದರು. ಇತ್ತ ತಂದೆಯವರು ಮುಂಬಯಿಯಲ್ಲಿಯ ತಮ್ಮ ಮನೆಯನ್ನು ಮಾರಿ ಋಣಮುಕ್ತರಾದರು. ಸಾಲವೆಂದರೆ ಕೇವಲ ಹಣದ ವ್ಯವಹಾರವಲ್ಲ, ಒಬ್ಬನು ಮತ್ತೊಬ್ಬನ ನಡತೆಯ ಮೇಲೆ ಇಡುವ ಭರವಸೆ ಎಂಬ ಪಾಠವನ್ನು ಜಮಶೇಟಜಿಯವರು ಕಲಿತುದು ಆ ವರ್ಷವೇ ಎಂದು ನಮಗೆ ತೋರುತ್ತದೆ. ಇಪ್ಪತ್ತೇಳು ವರ್ಷಗಳ ತರುವಾಯ ಅವರು ಸ್ಥಾಪಿಸಿದ ವಿದ್ಯಾನಿಧಿಯು ಇದೇ ಪಾಠದ ಮೇಲೆ ನಿಂತಿದೆ.

೧೮೬೮ರಲ್ಲಿ ೨೧,೦೦೦ ರೂಪಾಯಿಗಳ ಬಂಡವಾಳದಿಂದ ಅವರು ತಮ್ಮದೇ ಆದ ವ್ಯಾಪಾರವನ್ನು ಹೂಡಿದರು. ಮರುವರ್ಷ ಚಿಂಚಪೋಕಳಿಯಲ್ಲಿ ಮುಳುಗಿಹೋಗಿದ್ದ ಒಂದು ಎಣ್ಣೆಯ ಗಿರಣಿಯನ್ನು ಕೊಂಡು, ಅದನ್ನು ಹತ್ತಿಯ ಗಿರಣಿಯಾಗಿ ಮಾರ್ಪಡಿಸಿ, ಎರಡು ವರ್ಷಗಳಲ್ಲಿ ಲಾಭಕ್ಕೆ ಮಾರಿದರು. ಬಳಿಕ ಎಲ್ಲರೂ ಮುಂಬಯಿಯಲ್ಲಿ ಗಿರಣಿ ಕಟ್ಟುತ್ತಿರಲು, ಅವರು ಹತ್ತಿ ಬೆಳೆಯುವ ಸೀಮೆಯ ನಡುವೆ, ರೈಲು, ನೀರು, ಉರುವಲು ಇವು ಸುಲಭವಾಗಿದ್ದ ನಾಗಪುರವನ್ನು ಆರಿಸಿಕೊಂಡರು. ಇದು ನೆಲದಲ್ಲಿ ಚಿನ್ನವನ್ನು ಹೂಳುವ ಕೆಲಸವೆಂದು ಅಲ್ಲಿಯ ಸಾಹುಕಾರನೊಬ್ಬನು ಹಣ ಕೊಡಲೊಲ್ಲದೆ ಹೋದನೆಂದೂ, ಹೂಳಿದ ಚಿನ್ನವು ಚಿನ್ನವನ್ನೇ ಬೆಳೆಯಿತೆಂದು ಮುಂದೆ ತಾನೇ ಒಪ್ಪಿಕೊಂಡನೆಂದೂ ಹೇಳುತ್ತಾರೆ. ೧೮೭೭ರ ಜನವರಿ ೧ರಂದು ಎಂಪ್ರೆಸ್ ಗಿರಣಿಯು ಆರಂಭವಾಯಿತು. ಅದರ ಆಡಳಿತವನ್ನು ಅವರು ವಹಿಸಿಕೊಟ್ಟುದು ಗಿರಣಿಯ ಕೆಲಸವನ್ನೇ ಅರಿಯದಿದ್ದ, ಆದರೆ ರೈಲ್ವೆಯಲ್ಲಿ ದಕ್ಷತೆಯಿಂದ ದುಡಿದ ಬೇಜನಜಿ ಮೆಹತಾ ಎಂಬವರಿಗೆ. ಯಂತ್ರವನ್ನು ಬಲ್ಲವನು ಒಬ್ಬ, ಯಂತ್ರವನ್ನೂ ಜನವನ್ನೂ ಹಣವನ್ನೂ ಹೊಂದಿಸಬಲ್ಲವನು ಇನ್ನೊಬ್ಬ. ಈ ಎರಡನೆಯವನ ವಿದ್ಯೆಗೆ ಆಗ ಹೆಸರೇ ಇರಲಿಲ್ಲ. ಇಂದು ಅದನ್ನೇ ವ್ಯವಸ್ಥಾಪನಶಾಸ್ತ್ರವೆಂದು ಕಾಲೇಜುಗಳಲ್ಲಿ ಕಲಿಸುತ್ತಿದ್ದೇವೆ.

೧೮೮೬ರಲ್ಲಿ ಕುರ್ಲಾದ ಒಂದು ಕೆಟ್ಟುನಿಂತ ಗಿರಣಿಯನ್ನು ಕೊಂಡು ಅದಕ್ಕೆ ಸ್ವದೇಶೀ ಎಂದು ನಾಮಕರಣ ಮಾಡಿದರು. ಆ ಶಬ್ದವು ದೇಶದ ರಣಘೋಷವಾಗಲು ಇನ್ನೂ ಎರಡು ದಶಕಗಳಿದ್ದವು. ಚೀನ-ಜಪಾನುಗಳಿಗೆ ನೂಲು ಸಾಗಿಸುವ ಹಡಗಿನ ಬಾಡಿಗೆಯಲ್ಲಿ ಇಂಗ್ಲಿಷ್ ಕಂಪನಿಯು ನಡೆಯಿಸುತ್ತಿದ್ದ ಏಕಸ್ವಾಮ್ಯವನ್ನು ಮುರಿಯಲು ಜಪಾನೀಯರೊಡನೆ ಕೂಡಿ ಹಡಗುಗಳನ್ನೂ ಓಡಿಸಿದರು. ಎದುರಾಳಿಗಳು ಬಾಡಿಗೆಯನ್ನು ತೀರ ಇಳಿಸಿದೊಡನೆ ಜತೆಗಿದ್ದ ವ್ಯಾಪಾರಿಗಳು ಅತ್ತ ಸರಿದರು; ಜಮಶೇಟಜಿಯವರು ನಷ್ಟವನ್ನು ಹೊತ್ತು ಹಿಂದೆಗೆದರು. ದೊಡ್ಡ ಉದ್ಯಮಗಳಿಗೆ ಹಣಕ್ಕಿಂತ ಮೊದಲು ಬೇಕಾದುದು ತರಬೇತಿ ಹೊಂದಿದ ಜನ ಎಂಬುದನ್ನು ಇಂಥ ಪೆಟ್ಟುಗಳೇ ಅವರಿಗೆ ಮನಗಾಣಿಸಿರಬೇಕು.

ಇನ್ನು ೧೮೯೨ರ ವಿದ್ಯಾನಿಧಿಯನ್ನು ನೋಡಬೇಕು. ಬುದ್ಧಿವಂತರಾದ ತರುಣರನ್ನು ಉಚ್ಚ ಶಿಕ್ಷಣಕ್ಕಾಗಿ ವಿಲಾಯತಿಗೆ ಕಳಿಸುವುದು ಅದರ ಉದ್ದೇಶ. ಕೂಳಿಲ್ಲದವನಿಗೆ ಕೂಳಿಕ್ಕುವ ದಾನವನ್ನು ಅವರು ಹಳಿದವರಲ್ಲ. ಆದರೆ ಸಮರ್ಥನಾದವನನ್ನು ಮೇಲಕ್ಕೆತ್ತಿದರೆ ಅವನು ಹತ್ತು ಜನರನ್ನು ಎತ್ತಬಲ್ಲನೆಂಬುದು ಅವರ ನಂಬಿಕೆ. ಈ ನಿಧಿಯ ವೈಶಿಷ್ಟ್ಯವು ಅದರ ಕಟ್ಟಳೆಯಲ್ಲಿದೆ. ಅದು ಉಚಿತವಾದ ವೇತನವಲ್ಲ, ಸಾಲ. ವಿದ್ಯಾರ್ಥಿಯು ಕಲಿತು ಬಂದು ಗಳಿಸತೊಡಗಿದ ಮೇಲೆ ಹಣವನ್ನು ಕಂತುಗಳಲ್ಲಿ ಹಿಂದಿರುಗಿಸಬೇಕು. ಬಂದ ಹಣವು ಮುಂದಿನ ವಿದ್ಯಾರ್ಥಿಗೆ ಹೋಗಬೇಕು. ಒಂದೇ ಬೀಜವು ವರ್ಷ ವರ್ಷವೂ ಬಿತ್ತನೆಗೆ ಒದಗುವಂತೆ ಒಬ್ಬ ವ್ಯಾಪಾರಿಯ ಬುದ್ಧಿಯು ದಾನವನ್ನು ಏರ್ಪಡಿಸಿತು. ಪಡೆದವನು ಯಾರ ಹಂಗಿಗೂ ಒಳಗಾಗಲಿಲ್ಲ. ಕೊಟ್ಟವನ ಗಂಟೂ ಕರಗಲಿಲ್ಲ.

ಇನ್ನೊಂದು ಸಂಗತಿಯನ್ನು ನಾವು ವಿಶೇಷವಾಗಿ ಎತ್ತಿಹೇಳಬೇಕಾಗಿದೆ. ಮೊದಲಿಗೆ ಪಾರಸಿಗಳ ಸಲುವಾಗಿಯೇ ಏರ್ಪಟ್ಟಿದ್ದ ಈ ನಿಧಿಯ ಬಾಗಿಲನ್ನು ಅವರು ೧೮೯೪ರಲ್ಲಿ ಎಲ್ಲ ಭಾರತೀಯರಿಗೂ ತೆರೆದರು. ತನ್ನವರಿಗೆ ಮಾಡುವುದು ಸಹಜ. ತನ್ನವರೆಂದರೆ ಯಾರು ಎಂಬ ಗೆರೆಯನ್ನು ಎರಡೇ ವರ್ಷಗಳಲ್ಲಿ ದೇಶದ ಗಡಿಯವರೆಗೆ ಸರಿಸುವುದು ದೊಡ್ಡತನ. ಆರಂಭದಲ್ಲಿ ಈ ನೆರವನ್ನು ಪಡೆದವರಲ್ಲಿ ಇಬ್ಬರು ಮಹಿಳೆಯರಿದ್ದರು: ಫ್ರೇನಿ ಕಾಮಾ ಮತ್ತು ಕೃಷ್ಣಾಬಾಯಿ ಕೇಳವಕರ ಎಂಬ ವೈದ್ಯೆಯರು. ಹೆಣ್ಣುಮಕ್ಕಳು ಹೊಸ್ತಿಲು ದಾಟುವುದೇ ಚರ್ಚೆಯ ವಿಷಯವಾಗಿದ್ದ ಆ ಕಾಲದಲ್ಲಿ ಅವರನ್ನು ಸಮುದ್ರ ದಾಟಿಸಿದ ಧೈರ್ಯವು ಸಾಮಾನ್ಯವಾದುದಲ್ಲ. ೧೯೨೪ರ ಸುಮಾರಿಗೆ ಸಿವಿಲ್ ಸರ್ವಿಸ್ಸನ್ನು ಪ್ರವೇಶಿಸಿದ ಭಾರತೀಯರಲ್ಲಿ ಐವರಿಗೆ ಇಬ್ಬರು ಈ ನಿಧಿಯಿಂದ ಓದಿದವರಾಗಿದ್ದರೆಂದು ಲೆಕ್ಕ ಹಾಕಲಾಗಿದೆ. ತುಮಕೂರು ಜಿಲ್ಲೆಯಲ್ಲಿ ಜನಿಸಿ ಪರಮಾಣು ವಿಜ್ಞಾನದಲ್ಲಿ ಕೀರ್ತಿವಂತರಾದ ರಾಜಾ ರಾಮಣ್ಣನವರೂ, ಕೇರಳದ ಬಡ ಗುಡಿಸಲಿನಿಂದ ಲಂಡನ್ನಿನ ಅರ್ಥಶಾಸ್ತ್ರ ವಿದ್ಯಾಲಯಕ್ಕೆ ಹೋಗಿ ಮುಂದೆ ರಾಷ್ಟ್ರಪತಿ ಪದವಿಗೇರಿದ ಕೆ.ಆರ್. ನಾರಾಯಣನ್ ಅವರೂ ಇದೇ ನಿಧಿಯ ವಿದ್ಯಾರ್ಥಿಗಳು.

ಹೊರದೇಶಕ್ಕೆ ಕೆಲವರನ್ನು ಕಳಿಸಿದರೆ ಸಾಲದು, ವಿದ್ಯೆಯು ನಮ್ಮ ನೆಲದಲ್ಲಿಯೇ ಬೇರೂರಬೇಕೆಂದು ಅವರು ಮುಂದಿನ ಹೆಜ್ಜೆಯನ್ನಿಟ್ಟರು. ಸಂಶೋಧನೆಯ ವಿದ್ಯಾಪೀಠವೊಂದಕ್ಕೆ ಮುಂಬಯಿಯಲ್ಲಿದ್ದ ತಮ್ಮ ಆಸ್ತಿಯಲ್ಲಿ ಸುಮಾರು ೩೦ ಲಕ್ಷ ರೂಪಾಯಿಗಳಷ್ಟನ್ನು ೧೮೯೮ರಲ್ಲಿ ತೆಗೆದಿಟ್ಟರು. ಹೊಸದಾಗಿ ಬಂದ ವೈಸರಾಯ್ ಲಾರ್ಡ್ ಕರ್ಜನರು, ಇಂಥ ಶಿಕ್ಷಣಕ್ಕೆ ವಿದ್ಯಾರ್ಥಿಗಳು ಸಿಕ್ಕುವರೆ, ಕಲಿತವರಿಗೆ ಕೆಲಸ ಸಿಕ್ಕುವುದೆ ಎಂದು ಸಂಶಯಿಸಿದರು. ಸ್ಥಳವನ್ನು ಪರಿಶೀಲಿಸಿದ ವಿಜ್ಞಾನಿ ವಿಲಿಯಂ ರಾಮ್ಸೆಯವರು ಬೆಂಗಳೂರನ್ನು ಸೂಚಿಸಿದರು. ದಿವಾನ್ ಶೇಷಾದ್ರಿ ಅಯ್ಯರವರ ಮುತುವರ್ಜಿಯಿಂದಲೂ, ರೀಜೆಂಟರಾಗಿದ್ದ ವಾಣಿವಿಲಾಸ ಸನ್ನಿಧಾನದವರ ಔದಾರ್ಯದಿಂದಲೂ ಮೈಸೂರು ಸಂಸ್ಥಾನವು ಕೈನೀಡಿತು. ಸಂಸ್ಥೆಗೆ ೩೭೧ ಎಕರೆ ನೆಲವು ದೊರೆಯಿತು. ಆದರೆ ಸರಕಾರದ ಕಾಗದಗಳು ಮೇಜಿನಿಂದ ಮೇಜಿಗೆ ಸಾಗುತ್ತಿರುವಾಗಲೇ, ೧೯೦೪ರ ಮೇ ೧೯ರಂದು, ಜರ್ಮನಿಯ ಬಾಡ್ ನೌಹೈಮಿನಲ್ಲಿ ಜಮಶೇಟಜಿಯವರು ದೇಹವನ್ನು ಬಿಟ್ಟರು. ಅವರ ಕನಸಿನ ಉಕ್ಕಿನ ಕಾರಖಾನೆಯೂ, ಜಲವಿದ್ಯುತ್ತೂ, ವಿದ್ಯಾಪೀಠವೂ ಆಗ ಕಾಗದದ ಮೇಲೆಯೇ ಇದ್ದವು. ಮಕ್ಕಳಾದ ದೋರಾಬಜಿ, ರತನಜಿಯವರು ಅವನ್ನು ನೆರವೇರಿಸಿದರು. ವಿಜ್ಞಾನಮಂದಿರವು ೧೯೦೯ರಲ್ಲಿ ಸ್ಥಾಪಿತವಾಗಿ ೧೯೧೧ರಲ್ಲಿ ಮೊದಲ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿತು. ತಮ್ಮ ಹೆಸರನ್ನು ಅದಕ್ಕೆ ಇಡಬಾರದೆಂದು ಅವರು ಬಯಸಿದ್ದರೂ ಬೆಂಗಳೂರಿನ ಜನರು ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತ ಬಂದರು. ಅದೇ ಸಂಸ್ಥೆಯಲ್ಲಿ ೧೯೪೮ರಿಂದ ವ್ಯವಸ್ಥಾಪನಶಾಸ್ತ್ರದ ಶಿಕ್ಷಣವೂ ನಡೆದುಬಂದಿದೆ. ನಾಗಪುರದ ಗಿರಣಿಯಲ್ಲಿ ಹೆಸರಿಲ್ಲದೆ ಇದ್ದ ವಿದ್ಯೆಗೆ ಹೀಗೆ ಕನ್ನಡನಾಡಿನಲ್ಲಿಯೇ ಒಂದು ಪೀಠವು ದೊರೆಯಿತು.

ಈ ಜೀವನದಿಂದ ನಾವು ಕಲಿಯಬೇಕಾದುದೇನು? ಸಾಲವು ಎಲ್ಲರಿಗೂ ಒಗ್ಗುವ ಮದ್ದೆಂದು ನಾವು ಹೇಳುವುದಿಲ್ಲ. ತೀರ ಬಡವನಾದ ವಿದ್ಯಾರ್ಥಿಗೆ ಸಾಲದ ಹೆಸರೇ ಅಂಜಿಕೆಯನ್ನು ಹುಟ್ಟಿಸುತ್ತದೆ. ಅಂಥವನಿಗೆ ಉಚಿತವಾದ ವೇತನವೇ ಬೇಕು, ಅದನ್ನು ಕೊಡುವುದು ಸರಕಾರದ ಕರ್ತವ್ಯ. ಆದರೆ ಅತಿ ಬಡತನಕ್ಕೂ ಅನುಕೂಲಸ್ಥಿತಿಗೂ ನಡುವೆ ಇರುವ ಗುಮಾಸ್ತನ, ಶಿಕ್ಷಕನ, ಸಣ್ಣ ಅಂಗಡಿಕಾರನ ಮಕ್ಕಳ ಗತಿಯೇನು? ಬ್ಯಾಂಕಿಗೆ ಹೋದರೆ ದೊಡ್ಡ ಮೊತ್ತಕ್ಕೆ ಹೊಲಮನೆಗಳ ಒತ್ತೆಯನ್ನು ಕೇಳುತ್ತಾರೆ. ಟಾಟಾ ನಿಧಿಯು ನೋಡಿದುದು ಒತ್ತೆಯನ್ನಲ್ಲ, ಯೋಗ್ಯತೆಯನ್ನು. ವ್ಯಾಪಾರವಿದ್ಯೆಯನ್ನು ಕಲಿಯುವವನಿಗಂತೂ ಇಂಥ ನೆರವು ಎರಡು ಬಗೆಯಿಂದ ಹಿತಕರ: ಹಣವೂ ದೊರೆಯುತ್ತದೆ, ಪಡೆದುದನ್ನು ಹೊತ್ತಿಗೆ ಸರಿಯಾಗಿ ಹಿಂದಿರುಗಿಸುವ ಮೊದಲ ಪಾಠವೂ ದೊರೆಯುತ್ತದೆ. ಆ ಪಾಠವಿಲ್ಲದೆ ಪಡೆದ ವಾಣಿಜ್ಯಪದವಿಯು ಬರಿಯ ಕಾಗದವೆಂದೇ ನಾವು ತಿಳಿಯುತ್ತೇವೆ.

ವಿದ್ಯಾರ್ಥಿಗಳಿಗೆ ನಮ್ಮ ಹಿತವಚನವಿಷ್ಟೆ. ಪ್ರವೇಶವು ದೊರೆತ ಮೇಲೆ ಹಣವನ್ನು ಹುಡುಕುತ್ತ ಅಲೆಯಬೇಡಿರಿ. ವರ್ಷದ ಮೊದಲೇ ನಿಧಿಗಳ ಕಟ್ಟಳೆಗಳನ್ನು ತರಿಸಿ ಓದಿರಿ. ಜಮಶೇಟಜಿಯವರ ನಿಧಿಯು ಹೊರದೇಶದಲ್ಲಿ ಓದಲಿಚ್ಛಿಸುವವರಿಗೆ ಇಂದಿಗೂ ನಡೆಯುತ್ತಿದೆ. ಅರ್ಜಿಯಲ್ಲಿ ಬಡತನವನ್ನಷ್ಟೇ ತೋಡಿಕೊಳ್ಳದೆ, ಕಲಿತು ಬಂದು ಏನನ್ನು ಕಟ್ಟುವಿರೆಂಬುದನ್ನು ಸ್ಪಷ್ಟವಾಗಿ ಬರೆಯಿರಿ. ಸಾಲ ತೆಗೆದುಕೊಂಡರೆ ತೀರಿಸುವ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಿರಿ. ನೀವು ತಡೆದ ಒಂದು ಕಂತು ನಿಮ್ಮ ಹಿಂದೆ ನಿಂತ ಮತ್ತೊಬ್ಬ ವಿದ್ಯಾರ್ಥಿಯ ಒಂದು ತಿಂಗಳ ಊಟವೆಂಬುದನ್ನು ಮರೆಯಬೇಡಿರಿ.

ನಮ್ಮ ವರ್ತಕ ಬಂಧುಗಳಿಗೂ ಸಹಕಾರಿ ಸಂಘಗಳ ಮುಖಂಡರಿಗೂ ಒಂದು ವಿನಂತಿ. ಊರ ಜಾತ್ರೆಗೆ, ಮಂಟಪಕ್ಕೆ, ಮಹಾದ್ವಾರಕ್ಕೆ ನೀವು ಉದಾರವಾಗಿ ಕೊಡುತ್ತೀರಿ. ಕಲ್ಲಿನಲ್ಲಿ ಹೆಸರು ಕೊರೆಯಿಸುತ್ತೀರಿ. ಅದರ ಹತ್ತರಲ್ಲೊಂದು ಪಾಲನ್ನು ಕೂಡಿಸಿ, ಜಾತಿಮತಗಳ ಗೆರೆಯಿಲ್ಲದೆ, ಪ್ರತಿಯೊಂದು ಜಿಲ್ಲೆಯಲ್ಲಿಯೂ ವಾಣಿಜ್ಯದ ವಿದ್ಯಾರ್ಥಿಗಳಿಗೊಂದು ಮರಳುನಿಧಿಯನ್ನು ಸ್ಥಾಪಿಸಲಾಗದೆ? ಇಪ್ಪತ್ತೊಂದು ಸಾವಿರ ರೂಪಾಯಿಗಳಿಂದ ತೊಡಗಿದವರೊಬ್ಬರು ದೇಶಕ್ಕೆ ಉಕ್ಕನ್ನೂ ವಿದ್ಯೆಯನ್ನೂ ಕೊಟ್ಟರು. ನಾವು ಇಬ್ಬರು ಹುಡುಗರಿಂದ ತೊಡಗಿದರೂ ಸಾಕು; ಅವರು ಹಿಂದಿರುಗಿಸಿದ ಹಣದಿಂದ ಮೂರನೆಯವಳು ಓದಲು ಹೊರಡುವ ದಿನ, ಆ ದಾನವು ನಿಜವಾಗಿ ಆರಂಭವಾಯಿತೆಂದು ತಿಳಿಯಬೇಕು.