ಬೇರಿನ ಗಂಟು, ಎಲೆಯ ನಂಜು

ತೊಗರಿಯ ಗಿಡವನ್ನು ಬೇರುಸಹಿತ ಕಿತ್ತು ನೋಡಿದರೆ ಬೇರಿನಲ್ಲಿ ಕಾಳಿನಂಥ ಗಂಟುಗಳು ಕಾಣುತ್ತವೆ. ಅದೇ ಹೊಲದಲ್ಲಿ ಕೆಲವು ಗಿಡಗಳು ಎಲೆ ಕಿರಿದಾಗಿ, ಹಸುರಿನ ನಡುವೆ ಹಳದಿಯ ಮಚ್ಚೆ ಮೂಡಿ, ಹೂ ಬಿಡದೆ ಪೊದೆಯಂತೆ ಗೊಡ್ಡಾಗಿ ನಿಂತಿರುವುದೂ ಉಂಟು. ಗಂಟು ಗಿಡವನ್ನು ಪೋಷಿಸುವ ಜೀವಾಣುವಿನ ಮನೆ. ಗೊಡ್ಡುತನ ನಂಜಾಣುವಿನ ಕೃತ್ಯ. ಈ ಎರಡರ ಅರಿವಿಗೂ ದಾರಿ ತೆರೆದವರಲ್ಲಿ ಹಾಲೆಂಡಿನ ಮಾರ್ಟಿನಸ್ ಬೈಯರಿಂಕ್ ಅಗ್ರಗಣ್ಯನು.

ಆತನು ಹುಟ್ಟಿದುದು 1851ರ ಮಾರ್ಚ್ 16ರಂದು, ಆಮ್‌ಸ್ಟರ್‌ಡಾಮಿನಲ್ಲಿ. ತಂದೆ ಹೊಗೆಸೊಪ್ಪಿನ ವ್ಯಾಪಾರಿ. ವ್ಯಾಪಾರ ಮುರಿದು ಸಂಸಾರ ಬಡತನಕ್ಕಿಳಿಯಿತು. ಮಗನು ಡೆಲ್ಫ್ಟಿನಲ್ಲಿ ರಸಾಯನಶಾಸ್ತ್ರ ಕಲಿತು, 1877ರಲ್ಲಿ ಲೈಡನ್ ವಿಶ್ವವಿದ್ಯಾಲಯದ ಡಾಕ್ಟರ್ ಪದವಿ ಪಡೆದನು. ವಾಗೆನಿಂಗೆನ್ನಿನ ಕೃಷಿಶಾಲೆಯಲ್ಲಿ ಉಪಾಧ್ಯಾಯನಾಗಿದ್ದಾಗ, ಹೊಗೆಸೊಪ್ಪಿನ ಎಲೆಗೆ ಚಿತ್ತಾರ ಬರಿಸುವ ರೋಗವನ್ನು ಸಹೋದ್ಯೋಗಿ ಅಡಾಲ್ಫ್ ಮಾಯರ್ ಪರೀಕ್ಷಿಸುತ್ತಿದ್ದನು. ರೋಗಕ್ಕೆ ಕಾರಣವಾದ ಬ್ಯಾಕ್ಟೀರಿಯಕ್ಕಾಗಿ ಬೈಯರಿಂಕನೂ ಹುಡುಕಿದನು, ಸಿಗಲಿಲ್ಲ.

ಮುಂದೆ ಡೆಲ್ಫ್ಟಿನ ಯೀಸ್ಟ್ ಕಾರ್ಖಾನೆಯೊಂದರಲ್ಲಿ ಸಂಶೋಧಕನಾದನು. ಅಲ್ಲಿದ್ದಾಗಲೇ, 1888ರಲ್ಲಿ, ದ್ವಿದಳ ಸಸ್ಯಗಳ ಬೇರುಗಂಟಿನಿಂದ ಬ್ಯಾಕ್ಟೀರಿಯವನ್ನು ಬೇರ್ಪಡಿಸಿ ಬೆಳೆಸಿದನು. ಗಾಳಿಯ ಸಾರಜನಕವನ್ನು ಗಿಡಕ್ಕೆ ಉಣಿಸುವ ಮಿತ್ರ ಹೀಗೆ ಕೈಗೆ ಸಿಕ್ಕಿತು. ಆದರೆ ಸಿಗದ ಶತ್ರುವನ್ನು ಆತನು ಮರೆಯಲಿಲ್ಲ.

1895ರಲ್ಲಿ ಡೆಲ್ಫ್ಟಿನಲ್ಲಿಯೇ ಪ್ರಾಧ್ಯಾಪಕನಾದ ಮೇಲೆ ಹಳೆಯ ಪ್ರಶ್ನೆಯನ್ನು ಮತ್ತೆ ಕೈಗೆತ್ತಿಕೊಂಡನು. ರೋಗದ ಎಲೆಯ ರಸವನ್ನು ಬ್ಯಾಕ್ಟೀರಿಯ ದಾಟಲಾರದ ಪಿಂಗಾಣಿ ಸೋಸುಕದಲ್ಲಿ ಸೋಸಿದರೂ ಅದು ರೋಗ ತರುತ್ತಿತ್ತು. ರಷ್ಯದ ಇವನೋವ್‌ಸ್ಕಿ 1892ರಲ್ಲಿಯೇ ಇದನ್ನು ಕಂಡಿದ್ದನಾದರೂ ಬ್ಯಾಕ್ಟೀರಿಯದ ನಂಬಿಕೆಯನ್ನು ಬಿಟ್ಟಿರಲಿಲ್ಲ. ಬೈಯರಿಂಕ್ ಒಂದು ಹೆಜ್ಜೆ ಮುಂದೆ ಹೋದನು. ಒಂದು ಗಿಡದಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ರಸವನ್ನು ದಾಟಿಸಿದರೂ ಅದರ ಶಕ್ತಿ ಕುಂದಲಿಲ್ಲ. ಬರಿಯ ವಿಷವಾಗಿದ್ದರೆ ಅದು ತೆಳುವಾಗಿ ಕೆಡಬೇಕಿತ್ತು, ಇದು ಬೆಳೆಯುತ್ತಿತ್ತು. ಆದರೆ ಬೆಳೆಯುತ್ತಿದ್ದುದು ಗಿಡದ ಜೀವಂತ ಅಂಗಾಂಶದಲ್ಲಿ ಮಾತ್ರ. 1898ರಲ್ಲಿ ಇದನ್ನು ಜೀವವುಳ್ಳ ದ್ರವರೂಪದ ಸೋಂಕೆಂದು ಕರೆದು, ವೈರಸ್ ಎಂಬ ಹಳೆಯ ಪದಕ್ಕೆ ಹೊಸ ಅರ್ಥ ಕೊಟ್ಟನು. ದ್ರವವೆಂದುದು ತಪ್ಪಾಯಿತು, ಅದು ಕಣವೆಂಬುದು ಮುಂದೆ ಸಿದ್ಧವಾಯಿತು. ಜೀವಕೋಶದ ಹೊರಗೆ ಅದಕ್ಕೆ ಬೆಳವಣಿಗೆಯಿಲ್ಲವೆಂಬುದು ನಿಂತಿತು.

ಆತನು ಮದುವೆಯಾಗಲಿಲ್ಲ. ಶಿಷ್ಯರೊಡನೆ ಕಠೋರನೆಂದು ಹೆಸರಾಗಿದ್ದನು. 1921ರಲ್ಲಿ ನಿವೃತ್ತನಾಗಿ ಸೋದರಿಯರೊಡನೆ ಗೋರ್ಸೆಲ್ ಎಂಬ ಹಳ್ಳಿಯಲ್ಲಿ ನೆಲೆಸಿ, 1931ರ ಜನವರಿ 1ರಂದು ತೀರಿಕೊಂಡನು.

ಅದೇ ವರ್ಷ ಬಿಹಾರದ ಪೂಸಾದಿಂದ ತೊಗರಿಯ ಗೊಡ್ಡುರೋಗದ ಮೊದಲ ವರದಿ ಹೊರಬಂದಿತು. ಅದನ್ನು ಹೊತ್ತು ತರುವುದು ಕಣ್ಣಿಗೆ ಕಾಣದ ನುಸಿ. ನಂಜಾಣುವಿನ ಗುರುತು ಸಿಕ್ಕುವ ವೇಳೆಗೆ 2000ದ ಆಸುಪಾಸು ಬಂದಿತ್ತು. ಹೆಸರು, ಉದ್ದುಗಳ ಹಳದಿ ನಂಜನ್ನು ಬಿಳಿನೊಣ ತರುತ್ತದೆ. ಅಲಸಂದೆಯ ಕೆಲವು ನಂಜುಗಳು ಬೀಜದೊಡನೆಯೇ ಬರುತ್ತವೆ.

ಬೈಯರಿಂಕನ ಪಾಠ ಈ ಹೊಲಗಳಿಗೂ ಅನ್ವಯಿಸುತ್ತದೆ. ನಂಜು ಗಿಡದ ಜೀವದೊಡನೆ ಹೆಣೆದುಕೊಂಡಿರುವುದರಿಂದ, ಸೋಂಕಿದ ಗಿಡವನ್ನು ಹೊಲದಲ್ಲಿ ಔಷಧಿ ಸಿಂಪಡಿಸಿ ಗುಣಪಡಿಸಲಾಗದು. ಗುರುತು ಕಂಡೊಡನೆ ಆ ಗಿಡವನ್ನು ಕಿತ್ತು ನಾಶಮಾಡುವುದು, ಹಿಂದಿನ ಬೆಳೆಯ ಉಳಿಕೆ ಗಿಡಗಳನ್ನು ಹೊಲದಲ್ಲಿ ಬಿಡದಿರುವುದು, ಆರೋಗ್ಯವಂತ ಬೆಳೆಯಿಂದ ಬೀಜ ಆಯುವುದು, ರೋಗನಿರೋಧಕ ತಳಿ ಬಿತ್ತುವುದು, ನುಸಿ-ನೊಣಗಳನ್ನು ಮೊದಲೇ ಹತೋಟಿಯಲ್ಲಿಡುವುದು: ಇವೇ ಉಪಾಯಗಳು. ಗಂಟಿನ ಮಿತ್ರನನ್ನು ಸಾಕಬಹುದು; ಎಲೆಯ ಶತ್ರುವನ್ನು ಬಾಗಿಲಲ್ಲಿಯೇ ತಡೆಯಬೇಕು. ಹೊಗೆಸೊಪ್ಪಿನ ವ್ಯಾಪಾರದಲ್ಲಿ ತಂದೆ ಕಳೆದುಕೊಂಡುದು ಒಂದು ಮನೆಯ ಸಿರಿ; ಅದೇ ಹೊಗೆಸೊಪ್ಪಿನ ಎಲೆಯಲ್ಲಿ ಮಗನು ಕಂಡುಕೊಂಡುದು ಲೋಕಕ್ಕೆಲ್ಲ ಬೇಕಾದ ತಿಳಿವು.