ಪಾಲಿಬೆಟ್ಟದ ಹುಡುಗ, ಲಂಡನ್ನಿನ ಆಕಾಶ

ಕೊಡಗಿನ ಪಾಲಿಬೆಟ್ಟದ ಕಾಫಿ ತೋಟದಲ್ಲಿ ಹುಟ್ಟಿದ ಹುಡುಗನೊಬ್ಬ ಇಪ್ಪತ್ತೊಂದನೆಯ ವಯಸ್ಸಿಗೆ ಲಂಡನ್ನಿನ ಕಣ್ಮಣಿಯಾದ, ಇಪ್ಪತ್ತಮೂರಕ್ಕೆ ಮಣ್ಣಾದ. ಕಾರಿಯಪ್ಪ, ತಿಮ್ಮಯ್ಯನವರ ನಾಡಿನಲ್ಲಿ ವಿಲಿಯಂ ಲೀಫ್ ರಾಬಿನ್ಸನ್ ಎಂಬ ಹೆಸರು ಯಾರ ನೆನಪಿಗೂ ಬಾರದಿದ್ದರೆ ಅಚ್ಚರಿಪಡಬೇಕಿಲ್ಲ.

ಹುಟ್ಟಿದ್ದು 1895ರ ಜುಲೈ 14ರಂದು, ಕೈಮಬೆಟ್ಟ ಎಸ್ಟೇಟಿನಲ್ಲಿ. ತಂದೆ ಹೊರೇಸ್ ಕಾಫಿ ಬೆಳೆಗಾರ. ಅಜ್ಜ ಪೋರ್ಟ್ಸ್‌ಮತ್ ನೌಕಾಂಗಣದಲ್ಲಿ ಯುದ್ಧನೌಕೆಗಳ ಮುಖ್ಯ ನಿರ್ಮಾಣಾಧಿಕಾರಿಯಾಗಿದ್ದವರು. ಏಳು ಮಕ್ಕಳಲ್ಲಿ ಕೊನೆಯವನಾದ ವಿಲಿಯಂ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲೂ ನಂತರ ಇಂಗ್ಲೆಂಡಿನಲ್ಲೂ ಓದಿ, ಮಹಾಯುದ್ಧ ಆರಂಭವಾದ 1914ರ ಆಗಸ್ಟ್‌ನಲ್ಲೇ ಸ್ಯಾಂಡ್‌ಹರ್ಸ್ಟ್ ಸೈನಿಕ ಕಾಲೇಜು ಸೇರಿದ. ಮರುವರ್ಷ ಫ್ರಾನ್ಸಿನಲ್ಲಿ ವಿಮಾನದ ವೀಕ್ಷಕನಾಗಿ ಹಾರಾಡುತ್ತಿದ್ದಾಗ ಗುಂಡಿನ ಚೂರು ತೋಳಿಗೆ ಬಡಿಯಿತು. ಗಾಯ ಮಾಗಿದ ಮೇಲೆ ಪೈಲಟ್ ಆದ.

ಆಗ ಜರ್ಮನಿಯ ವಾಯುನೌಕೆಗಳು ರಾತ್ರಿ ಹೊತ್ತು ಬಂದು ಲಂಡನ್ ಮೇಲೆ ಬಾಂಬು ಸುರಿಯುತ್ತಿದ್ದವು. 1916ರ ಫೆಬ್ರುವರಿಯವರೆಗೆ ನಗರದ ಆಕಾಶ ಕಾಯುವ ಹೊಣೆ ನೌಕಾಪಡೆಯದಾಗಿತ್ತು. ಆ ಪಡೆಯ ಪೈಲಟ್ ರೆಜಿನಾಲ್ಡ್ ವಾರ್ನ್‌ಫರ್ಡ್, ಆತನೂ ನಮ್ಮ ಡಾರ್ಜಿಲಿಂಗ್‌ನಲ್ಲಿ ಹುಟ್ಟಿದವನೇ, 1915ರ ಜೂನ್‌ನಲ್ಲಿ ಬೆಲ್ಜಿಯಂ ಮೇಲೆ ಇಂಥದೊಂದು ನೌಕೆಯನ್ನು ಬಾಂಬಿನಿಂದ ಉರಿಸಿ ವಿಕ್ಟೋರಿಯಾ ಕ್ರಾಸ್ ಪಡೆದ. ಹತ್ತೇ ದಿನಗಳಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ. ಬ್ರಿಟನ್ನಿನ ನೆಲದ ಮೇಲೆ ಮಾತ್ರ ಒಂದೂ ಉರುಳಿರಲಿಲ್ಲ. ವಾಯುನೌಕೆಯ ಹೊಟ್ಟೆಯಲ್ಲಿರುವುದು ಜಲಜನಕವೇ ಆದರೂ ಗಾಳಿ ಬೆರೆಯದೆ ಅದು ಹೊತ್ತಿಕೊಳ್ಳದು. ಸಾಮಾನ್ಯ ಗುಂಡುಗಳು ಚೀಲಗಳನ್ನು ತೂತು ಮಾಡಿ ಆಚೆ ಹೋಗುತ್ತಿದ್ದವು, ಅಷ್ಟೆ. ಚೀಲವನ್ನು ಹರಿಯುವ ಸ್ಫೋಟಕ ಗುಂಡು, ಕಿಡಿ ಹೊತ್ತಿಸುವ ಗುಂಡು, ಇವೆರಡನ್ನೂ ಬೆರೆಸಿ ತುಂಬುವ ಉಪಾಯ ಕೈಗೂಡಿದ್ದು 1916ರಲ್ಲಿ.

ಆ ವರ್ಷದ ಸೆಪ್ಟೆಂಬರ್ 2ರ ರಾತ್ರಿ ಜರ್ಮನಿಯ ನೌಕಾಪಡೆ ಮತ್ತು ಭೂಸೇನೆಗಳು ಒಟ್ಟಾಗಿ ಹದಿನಾರು ವಾಯುನೌಕೆಗಳನ್ನು ಕಳುಹಿಸಿದವು. 11 ಗಂಟೆ ದಾಟಿದ ಮೇಲೆ ರಾಬಿನ್ಸನ್ ಲಂಡನ್ ಪೂರ್ವದ ಸಟನ್ಸ್ ಫಾರ್ಮ್ ನೆಲೆಯಿಂದ ಒಬ್ಬನೇ ಮೇಲೇರಿದ. ಬಿ.ಇ.2ಸಿ ಎಂಬ ಆ ನಿಧಾನ ವಿಮಾನ ಹತ್ತು ಸಾವಿರ ಅಡಿ ಏರಲು 53 ನಿಮಿಷ ಹಿಡಿಯಿತು. ಮೊದಲು ಕಂಡ ನೌಕೆ ಮೋಡದಲ್ಲಿ ಮರೆಯಾಯಿತು. ಎರಡು ಗಂಟೆಯ ಸುಮಾರಿಗೆ ಸರ್ಚ್‌ಲೈಟಿನ ಬೆಳಕಿನಲ್ಲಿ ಇನ್ನೊಂದು ಸಿಕ್ಕಿತು. ಅದರ ಅಡಿಯಲ್ಲಿ ಹಾರುತ್ತ ಒಂದು ಡ್ರಮ್ ಗುಂಡು ಖಾಲಿ ಮಾಡಿದ, ಏನೂ ಆಗಲಿಲ್ಲ. ಪಕ್ಕದಿಂದ ಇನ್ನೊಂದು, ಆಗಲೂ ಇಲ್ಲ. ಮೂರನೆಯ ಡ್ರಮ್ಮನ್ನು ಹಿಂಭಾಗದ ಒಂದೇ ಜಾಗಕ್ಕೆ ಗುರಿಯಿಟ್ಟು ಸುರಿದಾಗ ಒಳಗಿನಿಂದ ಬೆಳಕು ಮೂಡಿತು, ಕ್ಷಣದಲ್ಲಿ ಇಡೀ ನೌಕೆ ಉರಿಯಿತು. ಮೂರೂವರೆ ಗಂಟೆಗೂ ಹೆಚ್ಚು ಕಾಲ ಆಕಾಶದಲ್ಲಿದ್ದು ಆತ ಕೆಳಗಿಳಿದಾಗ ಪೆಟ್ರೋಲ್ ತಳ ಕಂಡಿತ್ತು.

ಉರಿಯುತ್ತಿದ್ದ ನೌಕೆ ಬಿದ್ದದ್ದು ಹರ್ಟ್‌ಫರ್ಡ್‌ಶೈರ್‌ನ ಕಫ್ಲಿಯಲ್ಲಿ. ಅದರಲ್ಲಿದ್ದ ಹದಿನಾರು ಮಂದಿಯಲ್ಲಿ ಒಬ್ಬನೂ ಉಳಿಯಲಿಲ್ಲ. ಅವರ ನಾಯಕ ವಿಲ್ಹೆಲ್ಮ್ ಶ್ರಾಮ್ ಹುಟ್ಟಿದ್ದು ಲಂಡನ್ನಿನ ಚಾರ್ಲ್ಟನ್‌ನಲ್ಲಿ! ಲಂಡನ್ನಿನಲ್ಲಿ ಹುಟ್ಟಿದವನು ಲಂಡನ್ನನ್ನು ಸುಡಲು ಬಂದ, ಕೊಡಗಿನಲ್ಲಿ ಹುಟ್ಟಿದವನು ಅದನ್ನು ಕಾದ. ಸಾವಿರಾರು ಜನ ಬೀದಿಗಿಳಿದು ನಲಿದ ಆ ರಾತ್ರಿ ಇದು ಯಾರಿಗೂ ಹೊಳೆದಿರಲಾರದು. ಬಿದ್ದದ್ದು ಕೂಡ ಜೆಪ್ಪೆಲಿನ್ ಅಲ್ಲ, ಮರದ ಚೌಕಟ್ಟಿನ ಷುಟ್ಟೆ-ಲಾಂಜ್ ಕಂಪನಿಯ ಎಸ್‌ಎಲ್ 11. ಆದರೆ ಜನರಿಗೆ ಬೇಕಿದ್ದದ್ದು ಜೆಪ್ಪೆಲಿನ್. ಸರ್ಕಾರವೂ ಎಲ್ 21 ಎಂಬ ಜೆಪ್ಪೆಲಿನ್ ಎಂದೇ ಹೇಳಿತು. ಸುಳ್ಳು ದಶಕಗಳ ಕಾಲ ಬಾಳಿತು.

ಐದೇ ದಿನಗಳಲ್ಲಿ ವಿಂಡ್ಸರ್ ಅರಮನೆಯಲ್ಲಿ ದೊರೆ ಐದನೇ ಜಾರ್ಜ್ ವಿಕ್ಟೋರಿಯಾ ಕ್ರಾಸ್ ತೊಡಿಸಿದ. ಬಹುಮಾನವಾಗಿ ಬಂದ ಹಣ 3,500 ಪೌಂಡ್.

ಕೀರ್ತಿ ಆತನಿಗೆ ಮಾಡಿದ ಅಪಕಾರ ಆರಂಭವಾದದ್ದು ಇಲ್ಲಿಂದ ಎಂದು ನನಗನ್ನಿಸುತ್ತದೆ. ಕತ್ತಲಲ್ಲಿ ಒಂಟಿಯಾಗಿ ಒಂದು ಭಾರೀ ಗುರಿಯನ್ನು ಬೆನ್ನಟ್ಟಿದವನು 1917ರ ಏಪ್ರಿಲ್ 5ರಂದು ಫ್ರಾನ್ಸಿನಲ್ಲಿ, ಆಗಷ್ಟೇ ಬಂದಿದ್ದ ಆರು ಬ್ರಿಸ್ಟಲ್ ಯುದ್ಧವಿಮಾನಗಳ ತಂಡಕ್ಕೆ ಮುಂದಾಳಾದ. ಎದುರಾದದ್ದು ರಿಕ್ಟ್‌ಹೋಫನ್‌ನ ಪಡೆ. ಒತ್ತಾಗಿ ಹಾರುತ್ತ ಹಿಂದಿನ ವೀಕ್ಷಕರ ಬಂದೂಕನ್ನೇ ನೆಚ್ಚುವ ಹಳೆಯ ಪದ್ಧತಿ ಕೈಕೊಟ್ಟಿತು. ಆರರಲ್ಲಿ ನಾಲ್ಕು ವಿಮಾನಗಳು ಬಿದ್ದವು. ರಾಬಿನ್ಸನ್ ಸತ್ತನೆಂದೇ ಊರು ನಂಬಿತ್ತು; ಆತ ಸೆರೆಯಾಗಿದ್ದ. ಅದೇ ಬ್ರಿಸ್ಟಲ್, ಮುಂದಿನ ಬಂದೂಕನ್ನೇ ಮುಖ್ಯವಾಗಿಸಿದ ಮೇಲೆ, ಯುದ್ಧದ ಅತ್ಯುತ್ತಮ ವಿಮಾನಗಳಲ್ಲಿ ಒಂದೆನಿಸಿತು. ಆ ಪಾಠದ ಬೆಲೆ ತೆತ್ತವರು ಮೊದಲ ತಂಡದವರು.

ಸೆರೆಯಿಂದ ಹಲವು ಸಲ ತಪ್ಪಿಸಿಕೊಳ್ಳಲು ಹವಣಿಸಿದ. ಹೋಲ್ಟ್ಸ್‌ಮಿಂಡನ್ ಶಿಬಿರದಲ್ಲಿ ಏಕಾಂತವಾಸ ಅನುಭವಿಸಿದ. ದೇಹ ಜರ್ಜರಿತವಾಯಿತು. 1918ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿಗೆ ಮರಳಿದವನಿಗೆ ಸ್ಪ್ಯಾನಿಷ್ ಜ್ವರ ತಗುಲಿತು. ಹಿಂದೂಸ್ತಾನದಲ್ಲಿ ಕೋಟಿಗೂ ಮಿಕ್ಕ ಜನರನ್ನು ಬಲಿ ತೆಗೆದುಕೊಂಡದ್ದು ಅದೇ ಜ್ವರ. ಹೊಸ ವರ್ಷದ ಹಿಂದಿನ ದಿನ, ಡಿಸೆಂಬರ್ 31ರಂದು, ಲಂಡನ್ ಬಳಿಯ ಸ್ಟ್ಯಾನ್‌ಮೋರ್‌ನಲ್ಲಿ ರಾಬಿನ್ಸನ್ ಕೊನೆಯುಸಿರೆಳೆದ. ಸಮಾಧಿ ಇರುವುದು ಹ್ಯಾರೋ ವೀಲ್ಡ್‌ನಲ್ಲಿ. ಶ್ರಾಮ್ ಮತ್ತು ಆತನ ಸಂಗಡಿಗರ ಅಸ್ಥಿಗಳೂ ಇಂಗ್ಲೆಂಡಿನ ಮಣ್ಣಿನಲ್ಲೇ ಇವೆ; ಮೊದಲು ಹೂಳಿದ್ದ ಪಾಟರ್ಸ್ ಬಾರ್‌ನಿಂದ ಅವನ್ನು ಮುಂದೆ ಕ್ಯಾನಕ್ ಚೇಸ್‌ನ ಜರ್ಮನ್ ಸ್ಮಶಾನಕ್ಕೆ ಸಾಗಿಸಲಾಯಿತು.