ಕೃಷ್ಣದೇವರಾಯ

ಕೃಷ್ಣದೇವರಾಯನು ವಿಜಯನಗರ ಸಾಮ್ರಾಜ್ಯವನ್ನು 1509ರಿಂದ 1529ರವರೆಗೆ ಆಳಿದ ತುಳುವ ವಂಶದ ಅರಸ. ಈತನ ಕಾಲದಲ್ಲಿ ಸಾಮ್ರಾಜ್ಯವು ಕೀರ್ತಿಯ ಶಿಖರವನ್ನು ಮುಟ್ಟಿತು. ತನ್ನ ಯುದ್ಧಯಾತ್ರೆಗಳ ನಡುವೆ ತಿರುಮಲೆಯ ವೆಂಕಟೇಶ್ವರನನ್ನು ಮತ್ತೆ ಮತ್ತೆ ದರ್ಶಿಸಿ ಕಾಣಿಕೆ ಅರ್ಪಿಸಿದುದು ಈತನ ಜೀವನದ ವೈಶಿಷ್ಟ್ಯವಾಗಿದೆ.

ಆರಂಭಿಕ ಜೀವನ

ಈತನ ತಂದೆ ತುಳುವ ನರಸನಾಯಕ, ತಾಯಿ ನಾಗಲಾಂಬಿಕೆ. ಅಣ್ಣ ವೀರನರಸಿಂಹನ ನಂತರ, ಮಂತ್ರಿ ತಿಮ್ಮರಸುವಿನ ಬೆಂಬಲದೊಂದಿಗೆ ಸಿಂಹಾಸನವನ್ನೇರಿದನು. ಪಟ್ಟಾಭಿಷೇಕದ ನೆನಪಿಗಾಗಿ ಹಂಪಿಯ ವಿರೂಪಾಕ್ಷ ದೇವಾಲಯದಲ್ಲಿ ರಂಗಮಂಟಪವನ್ನು ಕಟ್ಟಿಸಿದನು. ವೈಷ್ಣವ ಭಕ್ತನಾಗಿದ್ದರೂ ಶೈವ ಕ್ಷೇತ್ರಗಳಿಗೂ ಉದಾರವಾಗಿ ದಾನ ನೀಡಿದನು. ಮಾಧ್ವ ಯತಿ ವ್ಯಾಸತೀರ್ಥರು ಈತನ ಗೌರವಕ್ಕೆ ಪಾತ್ರರಾಗಿದ್ದರು.

ದಂಡಯಾತ್ರೆಗಳು ಮತ್ತು ತಿರುಮಲೆ

ಮೊದಲು ಉಮ್ಮತ್ತೂರಿನ ಪಾಳೆಯಗಾರನನ್ನು ಅಡಗಿಸಿ, ಬಳಿಕ ಒಡಿಶಾದ ಗಜಪತಿ ಪ್ರತಾಪರುದ್ರನ ವಶದಲ್ಲಿದ್ದ ಉದಯಗಿರಿಗೆ ಮುತ್ತಿಗೆ ಹಾಕಿದನು. 1513ರಲ್ಲಿ ಮೊದಲ ಬಾರಿಗೆ ತಿರುಮಲೆಗೆ ಹೋಗಿ ರತ್ನಖಚಿತ ಕಿರೀಟವನ್ನು ಒಪ್ಪಿಸಿದನು. ದೀರ್ಘ ಮುತ್ತಿಗೆಯ ನಂತರ 1514ರಲ್ಲಿ ಉದಯಗಿರಿ ವಶವಾಯಿತು; ಹಿಂದಿರುಗುವಾಗ 30,000 ಚಿನ್ನದ ನಾಣ್ಯಗಳಿಂದ ದೇವರಿಗೆ ಕನಕಾಭಿಷೇಕ ಮಾಡಿಸಿದನು. ಉದಯಗಿರಿಯಿಂದ ತಂದ ಬಾಲಕೃಷ್ಣನ ವಿಗ್ರಹವನ್ನು 1515ರಲ್ಲಿ ಹಂಪಿಯ ಕೃಷ್ಣ ದೇವಾಲಯದಲ್ಲಿ ಪ್ರತಿಷ್ಠಾಪಿಸಿದನು. ಅದೇ ವರ್ಷ ಕೊಂಡವೀಡು ಕೋಟೆಯೂ ಕೈಸೇರಿತು. ಮುಂದೆ ಸಿಂಹಾಚಲದವರೆಗೆ ಸೇನೆ ಸಾಗಿ, ಕೊನೆಗೆ ಗಜಪತಿಯೊಡನೆ ಸಂಧಿಯಾಯಿತು.

1517ರ ಭೇಟಿಯಲ್ಲಿ ಗರ್ಭಗುಡಿಯ ವಿಮಾನಕ್ಕೆ ಚಿನ್ನದ ಲೇಪ ಮಾಡಿಸಲು 30,000 ವರಹಗಳನ್ನು ಕೊಟ್ಟನು. ತಿರುಮಲದೇವಿ ಮತ್ತು ಚಿನ್ನಾದೇವಿಯರೊಡನೆ ಕೈಮುಗಿದು ನಿಂತ ಈತನ ಲೋಹಪ್ರತಿಮೆ ಇಂದಿಗೂ ಅಲ್ಲಿದೆ. ಗೆದ್ದ ಅರಸನು ಇಲ್ಲಿ ಸಾಮಾನ್ಯ ಭಕ್ತನ ಭಂಗಿಯಲ್ಲೇ ಕಾಣಿಸಿಕೊಂಡಿದ್ದಾನೆ.

ರಾಯಚೂರು ಯುದ್ಧ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ರಾಯಚೂರು ದೋಆಬಿಗಾಗಿ ವಿಜಯನಗರದ ಅರಸರೂ ದಕ್ಖನಿನ ಸುಲ್ತಾನರೂ ಹಲವು ತಲೆಮಾರು ಹೋರಾಡಿದ್ದರು. ಇಂದಿನ ಮಸ್ಕಿ, ಸಿಂಧನೂರು, ಲಿಂಗಸುಗೂರು ಹಾಗೂ ತುರ್ವಿಹಾಳ ಈ ಪ್ರದೇಶದಲ್ಲೇ ಇವೆ. 1520ರಲ್ಲಿ ಬಿಜಾಪುರದ ಇಸ್ಮಾಯಿಲ್ ಆದಿಲ್‌ಶಾಹನು ಸೋತು ಹಿಮ್ಮೆಟ್ಟಿದನು. ಪೋರ್ಚುಗೀಸ್ ಕೋವಿಗಾರರ ನೆರವಿನಿಂದ ರಾಯಚೂರು ಕೋಟೆಯೂ ವಶವಾಯಿತು. ಮರುವರ್ಷ ತಿರುಮಲೆಗೆ ಏಳನೆಯ ಬಾರಿ ಹೋಗಿ ನವರತ್ನದ ಕುಲಾವಿ, ಪೀತಾಂಬರ ಮತ್ತು 10,000 ಚಿನ್ನದ ನಾಣ್ಯಗಳನ್ನು ಸಮರ್ಪಿಸಿದನು.

ಸಾಹಿತ್ಯ

ಈತನು ತೆಲುಗಿನಲ್ಲಿ ರಚಿಸಿದ ಆಮುಕ್ತಮಾಲ್ಯದವು ಶ್ರೀರಂಗದ ರಂಗನಾಥನಿಗೆ ಮನಸೋತ ಗೋದಾದೇವಿಯ ಕಥೆಯನ್ನು ಒಳಗೊಂಡಿದೆ. ಈತನ ಪ್ರೇರಣೆಯಿಂದ ತಿಮ್ಮಣ್ಣಕವಿಯು ಕುಮಾರವ್ಯಾಸನು ಬಿಟ್ಟ ಪರ್ವಗಳನ್ನು ಕನ್ನಡದಲ್ಲಿ ಪೂರ್ಣಗೊಳಿಸಿದನು.

ಕೊನೆಯ ವರ್ಷಗಳು

ಎಳೆಯ ಮಗ ತಿರುಮಲರಾಯನಿಗೆ ಪಟ್ಟ ಕಟ್ಟಿದ ಕೆಲಕಾಲದಲ್ಲೇ ಆ ಬಾಲಕನು ತೀರಿಕೊಂಡನು. ಪೋರ್ಚುಗೀಸ್ ಪ್ರವಾಸಿ ನೂನಿಜನ ಪ್ರಕಾರ, ವಿಷಪ್ರಾಶನದ ಅನುಮಾನದಿಂದ ರಾಯನು ತನ್ನನ್ನು ಸಿಂಹಾಸನಕ್ಕೇರಿಸಿದ ತಿಮ್ಮರಸುವಿನ ಕಣ್ಣು ಕೀಳಿಸಿದನು. ರಣರಂಗದಲ್ಲಿ ಸೋಲರಿಯದವನ ಕೊನೆಯ ದಿನಗಳು ಹೀಗೆ ಮನೆಯ ದುಃಖದಲ್ಲಿ ಕಳೆದವು. ಹಂಪಿಯ ಉಗ್ರನರಸಿಂಹ ವಿಗ್ರಹವು ಆ ವರ್ಷಗಳ ನಿರ್ಮಾಣ. 1529ರಲ್ಲಿ ಈತನು ತೀರಿಕೊಂಡ ನಂತರ ತಮ್ಮ ಅಚ್ಯುತರಾಯನು ಪಟ್ಟಕ್ಕೆ ಬಂದನು.